ಶುದ್ಧ ನೀರು ಕೆಡುವುದು ಡ್ರಮ್ಮಿನಲ್ಲಿ

ನನ್ನ ಮಾಮೂಗೆ ಶಿವಾಜಿನಗರದ ಹತ್ತಿರ ಒಂದು ಸಣ್ಣ ಅಕ್ವೇರಿಯಂ ಅಂಗಡಿ ಇದೆ. ಅಂಗಡಿಯ ವ್ಯಾಪಾರಕ್ಕಿಂತ ಮನೆಮನೆಗೆ ಹೋಗಿ ಟ್ಯಾಂಕ್ ನೋಡಿಕೊಳ್ಳುವ ಕೆಲಸದಲ್ಲೇ ಅವರಿಗೆ ಹೆಚ್ಚು ಆದಾಯ. ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ಭಾನುವಾರಗಳಲ್ಲಿ ನಾನೂ ಅವರ ಜೊತೆ ಹೋಗುತ್ತೇನೆ. ಬಕೆಟ್ ಹೊರುವುದು, ಗಾಜು ಒರೆಸುವುದು, ಬಿಲ್ ಬರೆಯುವುದು ನನ್ನ ಕೆಲಸ. ನಾನು ಕಾಮರ್ಸ್ ವಿದ್ಯಾರ್ಥಿ. ಕೆಮಿಸ್ಟ್ರಿ ಬಿಟ್ಟು ಎರಡು ವರ್ಷವಾಯಿತು. ಆದರೂ ನೀರಿನ ಬಗ್ಗೆ ಬರೆಯುತ್ತಿದ್ದೇನೆ. ಕಾರಣ, ಕಳೆದ ವರ್ಷ ನಾನು ಹಾಕಿದ ಒಂದು ನಲ್ಲಿಯಿಂದ ಒಬ್ಬ ಗ್ರಾಹಕರ ಮನೆಯ ಸಮುದ್ರದ ಟ್ಯಾಂಕಿನಲ್ಲಿ ಸಿಗಡಿಗಳು ಸತ್ತವು. ಮೂರು ವಾರ ನಮಗೆ ಕಾರಣವೇ ತಿಳಿಯಲಿಲ್ಲ, ಏಕೆಂದರೆ ಮೀಟರ್ ನೀರು ಚೆನ್ನಾಗಿದೆ ಎಂದೇ ತೋರಿಸುತ್ತಿತ್ತು.

ಮೊದಲು, ಉಪ್ಪು ನೀರಿನ ಟ್ಯಾಂಕಿಗೆ ಶುದ್ಧ ನೀರು ಯಾಕೆ ಬೇಕು ಎಂದು ಹೇಳಬೇಕು. ನಾನೂ ಮಾಮೂಗೆ ಇದೇ ಪ್ರಶ್ನೆ ಕೇಳಿದ್ದೆ. ಹೇಗಿದ್ದರೂ ಉಪ್ಪು ಹಾಕುತ್ತೀರಲ್ಲ, ನಲ್ಲಿ ನೀರಿಗೇ ಹಾಕಿದರೆ ಏನಾಗುತ್ತದೆ?

ಬೆಂಗಳೂರಿಗೆ ಸಮುದ್ರ ದೂರ. ಇಲ್ಲಿ ಸಮುದ್ರದ ಮೀನು ಸಾಕುವವರು ಶುದ್ಧೀಕರಿಸಿದ ನೀರಿಗೆ ಅಕ್ವೇರಿಯಂಗೆಂದೇ ಬರುವ ಉಪ್ಪಿನ ಪುಡಿ ಬೆರೆಸಿ ಸಮುದ್ರದ ನೀರು ತಯಾರಿಸುತ್ತಾರೆ. ಅಡುಗೆ ಉಪ್ಪು ಅಲ್ಲ. ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ಅಳತೆಯಲ್ಲಿ ಇರುತ್ತವೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು. ನಾನು ಹೇಳುತ್ತಿರುವ ಟ್ಯಾಂಕಿನಲ್ಲಿ 150 ಲೀಟರ್ ನೀರಿತ್ತು, ಅಂದರೆ ಐದು ಕಿಲೋಗೂ ಹೆಚ್ಚು ಉಪ್ಪು. ದೀಪದ ಶಾಖಕ್ಕೆ, ಗಾಳಿಗೆ ದಿನಕ್ಕೆ ಸುಮಾರು 3 ಲೀಟರ್ ನೀರು ಆವಿಯಾಗುತ್ತಿತ್ತು. ಆವಿಯಾಗಿ ಹೋಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಹಾಗಾಗಿ ದಿನವೂ ತುಂಬಿಸಬೇಕಾದದ್ದು ಉಪ್ಪು ನೀರಲ್ಲ, ಬರಿ ಶುದ್ಧ ನೀರು.

ಇದನ್ನು ಲೆಕ್ಕದ ಪುಸ್ತಕದಂತೆ ನೋಡಿ. ದಿನವೂ 3 ಲೀಟರ್ ಒಳಗೆ, 3 ಲೀಟರ್ ಹೊರಗೆ. ನೀರಿನ ಖಾತೆ ಸರಿಹೋಯಿತು. ಆದರೆ ಒಳಗೆ ಬಂದ ನೀರಿನ ಜೊತೆ ಬೇರೆ ಏನಾದರೂ ಬಂದಿದ್ದರೆ ಅದು ಆವಿಯಾಗುವುದಿಲ್ಲ. ಆ ಖಾತೆಯಲ್ಲಿ ಜಮೆ ಮಾತ್ರ, ಖರ್ಚೇ ಇಲ್ಲ. ನಮ್ಮ ದೇಶದಲ್ಲಿ ಕುಡಿಯುವ ನೀರಿಗಿರುವ ಮಾನದಂಡ ಐಎಸ್ 10500 ಪ್ರಕಾರ ಒಂದು ಲೀಟರ್ ನೀರಿನಲ್ಲಿ 45 ಮಿಲಿಗ್ರಾಂವರೆಗೆ ನೈಟ್ರೇಟ್ ಇರಬಹುದು. ಅಷ್ಟು ನೈಟ್ರೇಟ್ ಇರುವ ಬೋರ್‌ವೆಲ್ ನೀರನ್ನು ದಿನಕ್ಕೆ 3 ಲೀಟರ್ ಹಾಕಿದರೆ ದಿನಕ್ಕೆ 135 ಮಿಲಿಗ್ರಾಂ, ತಿಂಗಳಿಗೆ 4,050 ಮಿಲಿಗ್ರಾಂ. ಅದನ್ನು 150 ಲೀಟರಿಗೆ ಹಂಚಿದರೆ ಒಂದೇ ತಿಂಗಳಲ್ಲಿ ಲೀಟರಿಗೆ 27 ಮಿಲಿಗ್ರಾಂ ಏರಿಕೆ. ಹವಳ ಸಾಕುವವರು ಸಾಮಾನ್ಯವಾಗಿ ಅದನ್ನು 10ರ ಕೆಳಗೆ ಇಡಲು ನೋಡುತ್ತಾರೆ. ನಾವು ನೀವು ಆರಾಮವಾಗಿ ಕುಡಿಯುವ ನೀರು ಟ್ಯಾಂಕಿನಲ್ಲಿ ಪಾಚಿಗೆ ಗೊಬ್ಬರವಾಗುವುದು ಹೀಗೆ.

ಆದ್ದರಿಂದ ಮಾಮು ಮೊದಲು ನೀರನ್ನು ಫಿಲ್ಟರ್‌ಗೆ ಬಿಡುತ್ತಾರೆ. ಒಂದು ಹಂತ ಮಣ್ಣು ಹಿಡಿಯುತ್ತದೆ, ಇದ್ದಿಲಿನ ಹಂತ ಕ್ಲೋರಿನ್ ತೆಗೆಯುತ್ತದೆ, ಆಮೇಲೆ ಆರ್‌ಒ ಪೊರೆ, ಕೊನೆಗೆ ರೆಸಿನ್ ಎಂಬ ಸಣ್ಣ ಮಣಿಗಳ ಕೊಳವೆ. ಕೊನೆಯಲ್ಲಿ ಟಿಡಿಎಸ್ ಮೀಟರ್ ಸೊನ್ನೆ ತೋರಿಸಬೇಕು. ಅಡುಗೆಮನೆಯ ಆರ್‌ಒ ಯಂತ್ರದ ನೀರು ಇದಕ್ಕೆ ಆಗುವುದಿಲ್ಲ. ಅದರಲ್ಲಿ ರೆಸಿನ್ ಇರುವುದಿಲ್ಲ. ಅಷ್ಟೇ ಅಲ್ಲ, ಕುಡಿಯಲು ರುಚಿ ಇರಲಿ ಎಂದು ಅಂಥ ಎಷ್ಟೋ ಯಂತ್ರಗಳು ಸ್ವಲ್ಪ ಖನಿಜವನ್ನು ಮತ್ತೆ ಬೆರೆಸುತ್ತವೆ.

ಇಲ್ಲಿಯವರೆಗಿನದು ಟ್ಯಾಂಕ್ ಇಟ್ಟವರಿಗೆಲ್ಲ ಗೊತ್ತು. ಮೀಟರ್ ಸೊನ್ನೆ ತೋರಿಸಿದರೆ ಕೆಲಸ ಮುಗಿಯಿತು ಎಂದುಕೊಳ್ಳುತ್ತೇವೆ. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ಆ ಫಿಲ್ಟರ್‌ನಲ್ಲಿ ನೀರು ಹನಿಹನಿಯಾಗಿ ಬರುತ್ತದೆ. ಒಂದು ಡ್ರಮ್ ತುಂಬಲು ಗಂಟೆಗಟ್ಟಲೆ ಬೇಕು. ಬೇಕಾದಾಗ ನಲ್ಲಿ ತಿರುಗಿಸಿ ಹಿಡಿಯುವ ನೀರಲ್ಲ ಅದು, ತುಂಬಿಸಿ ಇಟ್ಟುಕೊಳ್ಳುವ ನೀರು. ತೊಂದರೆ ಶುರುವಾಗುವುದು ಆ ಇಟ್ಟುಕೊಳ್ಳುವ ದಿನಗಳಲ್ಲಿ.

ಗ್ರಾಹಕರ ಮನೆಯ ಯುಟಿಲಿಟಿಯಲ್ಲಿ 100 ಲೀಟರಿನ ಡ್ರಮ್ ಇತ್ತು. ಅದರ ಪ್ಲಾಸ್ಟಿಕ್ ನಲ್ಲಿ ಸೋರುತ್ತಿತ್ತು. ಆಂಟಿ ಎರಡು ಸಲ ಫೋನ್ ಮಾಡಿ ನೆಲ ಒದ್ದೆಯಾಗುತ್ತಿದೆ ಎಂದರು. ಮಾಮು ಬೇರೆ ಕೆಲಸದಲ್ಲಿದ್ದರು, ನಾನೇ ಹೋಗಿ ಹಾರ್ಡ್‌ವೇರ್ ಅಂಗಡಿಯಿಂದ ಅರ್ಧ ಇಂಚಿನ ಒಳ್ಳೆಯ ನಲ್ಲಿ ತಂದು ಹಾಕಿದೆ. ಹೊಳೆಯುವ ನಲ್ಲಿ, ನೋಡಲು ಸ್ಟೀಲಿನಂತೆಯೇ ಇತ್ತು. ಡ್ರಮ್ಮಿನ ಒಳಗೆ ದಪ್ಪ ಚೆಕ್‌ನಟ್ ಹಾಕಿ ಬಿಗಿ ಮಾಡಿದೆ. ಒಂದು ಹನಿಯೂ ಸೋರಲಿಲ್ಲ. ಆಂಟಿ ಜ್ಯೂಸ್ ಕೊಟ್ಟರು. ನನಗೆ ಸ್ವಲ್ಪ ಹೆಮ್ಮೆಯೂ ಆಯಿತು.

ಎರಡು ಮೂರು ವಾರಗಳಾದ ಮೇಲೆ ಟ್ಯಾಂಕಿನಲ್ಲಿ ಬಸವನಹುಳುಗಳು ಗಾಜು ಹತ್ತುವುದನ್ನು ಬಿಟ್ಟವು. ಮರಳಿನ ಮೇಲೆ ಮಗುಚಿ ಬಿದ್ದಿರುತ್ತಿದ್ದವು. ಆಮೇಲೆ ಒಂದು ಕ್ಲೀನರ್ ಸಿಗಡಿ. ಇವು ಬೆನ್ನಿನ ಮೇಲೆ ಕೆಂಪು ಪಟ್ಟೆಯ ನಡುವೆ ಬಿಳಿ ಗೆರೆ ಇರುವ ಚಂದದ ಸಿಗಡಿಗಳು. ಮೀನುಗಳ ಮೈಮೇಲಿನ ಪರಾವಲಂಬಿಗಳನ್ನು ಹೆಕ್ಕಿ ತಿನ್ನುತ್ತವೆ, ಮೀನುಗಳೂ ಸುಮ್ಮನೆ ನಿಂತು ಸೇವೆ ಮಾಡಿಸಿಕೊಳ್ಳುತ್ತವೆ. ಸಿಗಡಿ ಬೆಳೆಯುವಾಗ ಹಳೆಯ ಚಿಪ್ಪನ್ನು ಇಡಿಯಾಗಿ ಕಳಚಿಬಿಡುತ್ತದೆ. ಆ ಚಿಪ್ಪು ಥೇಟ್ ಸತ್ತ ಸಿಗಡಿಯಂತೆ ಕಾಣುತ್ತದೆ. ಮೊದಲನೆಯದನ್ನು ನಾವು ಚಿಪ್ಪು ಎಂದೇ ತಿಳಿದೆವು. ಎರಡನೆಯದನ್ನು ಕೈಗೆ ತೆಗೆದುಕೊಂಡಾಗ ಮಾಮೂ ಮುಖ ಸಣ್ಣದಾಯಿತು. ಅಷ್ಟರಲ್ಲಿ ಹವಳಗಳೂ ಮುದುಡಿಕೊಂಡಿದ್ದವು. ಆಶ್ಚರ್ಯವೆಂದರೆ, ನೀಮೋ ಸಿನಿಮಾದ ಆ ಕಿತ್ತಳೆ ಬಣ್ಣದ ಕ್ಲೌನ್‌ಫಿಶ್ ಎರಡೂ ಏನೂ ಆಗದಂತೆ ಓಡಾಡಿಕೊಂಡಿದ್ದವು.

ಮಾಮು ಡ್ರಮ್ಮಿನ ನೀರಿಗೆ ಮೀಟರ್ ಅದ್ದಿದರು. 1 ಎಂದು ತೋರಿಸಿತು. ಎರಡು ವಾರ ಕಾದೆವು, ಬೇರೆ ಎಲ್ಲ ಪರೀಕ್ಷೆ ಮಾಡಿದೆವು. ಕೊನೆಗೆ ಡ್ರಮ್ ತೊಳೆಯಲು ಬಗ್ಗಿಸಿದಾಗ ಒಳಗಿನ ಚೆಕ್‌ನಟ್ ಸುತ್ತ ಹಸಿರು ಕಲೆ ಕಂಡಿತು. ಮಾಮು ಅದನ್ನು ಉಗುರಿನಿಂದ ಕೆರೆದು ನನ್ನ ಕಡೆ ನೋಡಿದರು. "ಯೇ ತೊ ಪಿತ್ತಲ್ ಹೈ, ಬೇಟಾ" ಎಂದರು. ಹಿತ್ತಾಳೆ. ಹೊರಗಿನ ಹೊಳಪು ಬರಿ ಕ್ರೋಮ್ ಲೇಪ. ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಮಿಶ್ರಲೋಹ. ತಾಮ್ರ ಪರೀಕ್ಷಿಸುವ ಕಿಟ್ ತಂದು ಡ್ರಮ್ಮಿನ ತಳದ ನೀರಿಗೆ ಹಾಕಿದಾಗ ಬಣ್ಣ ಬಂತು.

ಇದು ಹೇಗಾಯಿತು ಎಂದು ಅರ್ಥ ಮಾಡಿಕೊಳ್ಳಲು ನಾನು ನಮ್ಮ ಕಾಲೇಜಿನ ಕೆಮಿಸ್ಟ್ರಿ ಸರ್ ಹತ್ತಿರ ಹೋದೆ. ಕಾಮರ್ಸ್ ಹುಡುಗ ಸ್ಟಾಫ್ ರೂಮಿಗೆ ಬಂದು ನಲ್ಲಿಯ ಬಗ್ಗೆ ಕೇಳಿದ್ದು ಅವರಿಗೆ ತಮಾಷೆ ಅನ್ನಿಸಿತು. ಆದರೆ ಚೆನ್ನಾಗಿ ಹೇಳಿಕೊಟ್ಟರು.

ಶುದ್ಧ ನೀರು ಎಂದರೆ ಖಾಲಿ ನೀರು. ಸಾಮಾನ್ಯ ನಲ್ಲಿ ನೀರಿನಲ್ಲಿ ಸುಣ್ಣದ ಅಂಶ ಇರುತ್ತದೆ. ಅದು ಕೊಳವೆಯ ಒಳಗೆ ತೆಳ್ಳಗಿನ ಪದರವಾಗಿ ಕೂತು ಲೋಹವನ್ನು ನೀರಿನಿಂದ ದೂರ ಇಡುತ್ತದೆ. ಶುದ್ಧೀಕರಿಸಿದ ನೀರಿನಲ್ಲಿ ಆ ಸುಣ್ಣವೂ ಇಲ್ಲ. ಮೇಲಾಗಿ ಅದು ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಸೊನ್ನೆ ಟಿಡಿಎಸ್ ನೀರನ್ನು ತೆರೆದಿಟ್ಟರೆ ಅದರ ಪಿಎಚ್ 7ರಿಂದ ಇಳಿದು 5.6ರ ಆಸುಪಾಸಿಗೆ ಬರುತ್ತದೆ. ಹುಳಿ ನೀರು, ತಡೆಯುವ ಪದರ ಇಲ್ಲ, ಹಗಲೂ ರಾತ್ರಿ ಮುಳುಗಿರುವ ಹಿತ್ತಾಳೆ. ತಾಮ್ರ ಕರಗದೆ ಇನ್ನೇನು?

ಹಾಗಾದರೆ ಮೀಟರ್ ಯಾಕೆ ಹೇಳಲಿಲ್ಲ? ಟಿಡಿಎಸ್ ಮೀಟರ್ ನೀರಿನಲ್ಲಿ ವಿದ್ಯುತ್ ಎಷ್ಟು ಹರಿಯುತ್ತದೆ ಎಂದು ಅಳೆದು ಒಂದು ಅಂಕಿ ಕೊಡುತ್ತದೆ ಅಷ್ಟೇ. ಅದರ ಅತಿ ಸಣ್ಣ ಅಂಕಿ 1, ಅಂದರೆ ಲೀಟರಿಗೆ ಸುಮಾರು 1 ಮಿಲಿಗ್ರಾಂ. ಡ್ರಮ್ಮಿನ ನೀರಿನಲ್ಲಿ ಲೀಟರಿಗೆ 0.2 ಮಿಲಿಗ್ರಾಂ ತಾಮ್ರ ಇತ್ತೆಂದು ಇಟ್ಟುಕೊಳ್ಳಿ. ಮೀಟರ್‌ಗೆ ಅದು ಕಾಣುವುದೇ ಇಲ್ಲ. ಆದರೆ ನಮ್ಮ ಖಾತೆ ಪುಸ್ತಕದಲ್ಲಿ ಕಾಣುತ್ತದೆ. ದಿನಕ್ಕೆ 3 ಲೀಟರ್, 0.6 ಮಿಲಿಗ್ರಾಂ. ತಿಂಗಳಿಗೆ 18 ಮಿಲಿಗ್ರಾಂ. 150 ಲೀಟರಿಗೆ ಹಂಚಿದರೆ 0.12. ಸಮುದ್ರದ ಮೀನುಗಳಿಗೆ ಮೈಮೇಲೆ ಬಿಳಿ ಚುಕ್ಕೆ ರೋಗ ಬಂದಾಗ ಬೇರೆ ಟ್ಯಾಂಕಿಗೆ ಹಾಕಿ ತಾಮ್ರದ ಔಷಧ ಕೊಡುತ್ತಾರೆ. ಅದರ ಪ್ರಮಾಣ ಲೀಟರಿಗೆ 0.15ರಿಂದ 0.20 ಮಿಲಿಗ್ರಾಂ. ಮೀನು ಅದನ್ನು ತಡೆದುಕೊಳ್ಳುತ್ತದೆ, ಪರಾವಲಂಬಿ ಸಾಯುತ್ತದೆ. ಸಿಗಡಿ, ಬಸವನಹುಳು, ಹವಳ ಅದಕ್ಕಿಂತ ಕಡಿಮೆಯಲ್ಲೇ ಸಾಯಬಹುದು. ನಮ್ಮ ಕ್ಲೌನ್‌ಫಿಶ್‌ಗಳು ಯಾಕೆ ಉಳಿದವು ಎಂಬುದಕ್ಕೂ ಅದೇ ಉತ್ತರ. ಇನ್ನೊಂದು ವಿಚಿತ್ರ: ಸಿಗಡಿಯ ರಕ್ತದಲ್ಲಿ ಆಮ್ಲಜನಕ ಹೊರುವುದೇ ತಾಮ್ರ, ನಮ್ಮ ರಕ್ತದಲ್ಲಿ ಕಬ್ಬಿಣ ಇದ್ದ ಹಾಗೆ. ಬೇಕಾದದ್ದೇ ಅಳತೆ ಮೀರಿದರೆ ವಿಷ.

ಈ ಕಥೆ ಮನೆಯಲ್ಲಿ ಹೇಳಿದಾಗ ನಾನಿ ನಂಬಲಿಲ್ಲ. ಅವರ ಹತ್ತಿರ ತಾಮ್ರದ ಹಂಡೆ, ತಾಮ್ರದ ಲೋಟ ಇವೆ. ರಾತ್ರಿ ತಾಮ್ರದಲ್ಲಿಟ್ಟ ನೀರು ಬೆಳಿಗ್ಗೆ ಒಳ್ಳೆಯದು ಎಂದು ಜನ ಕುಡಿಯುವುದಿಲ್ಲವೇ ಎಂದರು. ಕುಡಿಯುತ್ತಾರೆ, ತಾಮ್ರ ಕ್ರಿಮಿ ಕೊಲ್ಲುತ್ತದೆ ಎಂಬುದೂ ನಿಜ. ಕುಡಿಯುವ ನೀರಿನ ಮಾನದಂಡದಲ್ಲಿ ಬೇರೆ ನೀರು ಸಿಗದಿದ್ದಾಗ ಲೀಟರಿಗೆ 1.5 ಮಿಲಿಗ್ರಾಂವರೆಗೂ ತಾಮ್ರ ಇರಬಹುದು ಎಂದಿದೆ. ನಮಗೆ ಅಷ್ಟು ಸರಿ, ಸಿಗಡಿಗೆ ಅಲ್ಲ. ಆಮೇಲೆ ನಾನಿಯೇ ನೆನಪು ಮಾಡಿಕೊಂಡರು: ಹಿಂದೆ ಬೀದಿಗೆ ಕಲಾಯಿ ಹಾಕುವವರು ಬರುತ್ತಿದ್ದರು, ಕಲಾಯಿ ಹೋದ ಪಾತ್ರೆಯಲ್ಲಿ ಹುಣಸೆಹಣ್ಣಿನ ಸಾರು ಮಾಡಲು ಅವರ ಅಮ್ಮ ಬಿಡುತ್ತಿರಲಿಲ್ಲವಂತೆ. ಹುಳಿ ಮತ್ತು ತಾಮ್ರ ಸೇರಬಾರದು ಎಂದು ಅವರಿಗೆ ನಮಗಿಂತ ಮೊದಲೇ ಗೊತ್ತಿತ್ತು.

ತಾಮ್ರ ನಮ್ಮ ಡ್ರಮ್ಮಿನ ಕಥೆ. ಬೇರೆಯವರ ಡ್ರಮ್ಮಿನಲ್ಲಿ ಬೇರೆ ಕಥೆ ಇರುತ್ತದೆ. ಮಾಮೂ ಜೊತೆ ಮನೆಗಳಿಗೆ ಹೋಗುವಾಗ ನಾನು ಈಗ ಟ್ಯಾಂಕಿಗಿಂತ ಮೊದಲು ಡ್ರಮ್ ನೋಡುತ್ತೇನೆ.

ಹೆಚ್ಚಾಗಿ ಕಾಣುವುದು ಬೆಳಕು. ಬಿಳಿ ಅಥವಾ ಪಾರದರ್ಶಕ ಕ್ಯಾನ್‌ಗಳನ್ನು ಬಾಲ್ಕನಿಯಲ್ಲಿ ಬಿಸಿಲಿಗೆ ಇಟ್ಟಿರುತ್ತಾರೆ. ಸ್ವಲ್ಪ ಧೂಳು ಬಿದ್ದರೆ ಸಾಕು, ಒಳಗೆ ಹಸಿರು ಹಿಡಿಯುತ್ತದೆ. ಕಪ್ಪು ಅಥವಾ ದಟ್ಟ ನೀಲಿ ಡ್ರಮ್ ಆಗಬೇಕು, ನೆರಳಲ್ಲಿ ಇರಬೇಕು. ಇನ್ನೊಂದು, ಕ್ಲೋರಿನ್. ನಲ್ಲಿ ನೀರಿನಲ್ಲಿ ಕ್ಲೋರಿನ್ ಇರುವುದರಿಂದ ಅದು ಬೇಗ ಲೋಳೆಗಟ್ಟುವುದಿಲ್ಲ. ಫಿಲ್ಟರ್ ಆ ಕ್ಲೋರಿನ್ನನ್ನು ತೆಗೆದುಬಿಟ್ಟಿದೆ. ಅಂದರೆ ನಾವು ನೀರನ್ನು ಶುದ್ಧ ಮಾಡುವಾಗ ಅದರ ಕಾವಲುಗಾರನನ್ನೂ ಕಳಿಸಿಬಿಟ್ಟಿದ್ದೇವೆ. ಡ್ರಮ್ಮಿನ ಒಳಗೋಡೆಯನ್ನು ಬೆರಳಿನಿಂದ ಉಜ್ಜಿ ನೋಡಿ. ಜಾರಿದರೆ ಅಲ್ಲಿ ಬ್ಯಾಕ್ಟೀರಿಯಾ ಮನೆ ಮಾಡಿವೆ. ಮೀಟರ್‌ಗೆ ಇವೂ ಕಾಣುವುದಿಲ್ಲ.

ಮುಚ್ಚಳದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ರಾತ್ರಿ ನೀರಿನ ಪಾತ್ರೆ ಮುಚ್ಚದೆ ಮಲಗಲು ನಮ್ಮ ಅಮ್ಮಿ ಯಾರನ್ನೂ ಬಿಡುವುದಿಲ್ಲ, ನಿಮ್ಮ ಮನೆಯಲ್ಲೂ ಹಾಗೇ ಇರುತ್ತದೆ. ಆದರೆ ಫಿಲ್ಟರ್‌ನ ಪೈಪ್ ಒಳಗೆ ಹೋಗಲಿ ಎಂದು ಮುಚ್ಚಳವನ್ನು ಓರೆಯಾಗಿ ಇಡುತ್ತಾರಲ್ಲ, ಆ ಸಂದಿ ಸಾಕು ಸೊಳ್ಳೆಗೆ. ಡೆಂಗ್ಯೂ ಹರಡುವ ಈಡಿಸ್ ಸೊಳ್ಳೆಗೆ ಚರಂಡಿ ಬೇಡ, ಮನೆಯೊಳಗೆ ತುಂಬಿಟ್ಟ ಶುದ್ಧ ನೀರೇ ಇಷ್ಟ. ಅದರ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡು ಒಣಗಿದ ಮೇಲೂ ತಿಂಗಳುಗಟ್ಟಲೆ ಬದುಕಿರುತ್ತವೆ. ಮುಚ್ಚಳದಲ್ಲಿ ಪೈಪಿನ ಗಾತ್ರದ ತೂತು ಕೊರೆದು ಸುತ್ತ ಬಲೆ ಕಟ್ಟಿದರೆ ಮುಗಿಯಿತು. ಸೊಳ್ಳೆ ಓಡಿಸಲು ಹಚ್ಚುವ ಕಾಯಿಲ್, ಲಿಕ್ವಿಡ್, ಸ್ಪ್ರೇ ಯಾವುದನ್ನೂ ಡ್ರಮ್ಮಿನ ಅಥವಾ ಟ್ಯಾಂಕಿನ ಹತ್ತಿರ ಬಳಸಬೇಡಿ. ಅವುಗಳಲ್ಲಿ ಹೆಚ್ಚಾಗಿ ಇರುವ ಪೈರೆಥ್ರಾಯ್ಡ್ ಎಂಬ ರಾಸಾಯನಿಕ ಸಿಗಡಿಗೂ ಕೀಟಕ್ಕೂ ವ್ಯತ್ಯಾಸ ನೋಡುವುದಿಲ್ಲ.

ಡ್ರಮ್ ಕೊಳ್ಳುವಾಗ ತಳದಲ್ಲಿ ತ್ರಿಕೋನದೊಳಗೆ ಒಂದು ಅಂಕಿ ಇರುತ್ತದೆ. 2 ಅಥವಾ 5 ಇದ್ದರೆ ನೀರು ಇಡಲು ಸಾಮಾನ್ಯವಾಗಿ ಒಳ್ಳೆಯ ಪ್ಲಾಸ್ಟಿಕ್. ಆದರೆ ಆ ಅಂಕಿ ಪ್ಲಾಸ್ಟಿಕ್ ಯಾವುದು ಎಂದು ಹೇಳುತ್ತದೆ, ಅದರೊಳಗೆ ಮೊದಲು ಏನಿತ್ತು ಎಂದು ಹೇಳುವುದಿಲ್ಲ. ಸೆಕೆಂಡ್ ಹ್ಯಾಂಡ್ ನೀಲಿ ಡ್ರಮ್‌ಗಳು ಅಗ್ಗವಾಗಿ ಸಿಗುತ್ತವೆ. ಅವುಗಳಲ್ಲಿ ಸೋಪಿನ ದ್ರಾವಣವೋ ಆಸಿಡ್ಡೋ ಬಂದಿರಬಹುದು. ಪ್ಲಾಸ್ಟಿಕ್ ಅದನ್ನು ಕುಡಿದಿರುತ್ತದೆ, ಎಷ್ಟು ತೊಳೆದರೂ ನಿಧಾನವಾಗಿ ಬಿಡುತ್ತಲೇ ಇರುತ್ತದೆ. ಇದರಲ್ಲಿ ಉಳಿತಾಯ ಮಾಡಲು ಹೋಗಬೇಡಿ.

ಕೈ, ಮಗ್, ಪೈಪ್ ಬಗ್ಗೆ ಒಂದು ಮಾತು. ಸ್ನಾನದ ಮನೆಯ ಮಗ್ ಡ್ರಮ್ಮಿಗೆ ಇಳಿಯಬಾರದು. ಕೈಗೆ ಅತ್ತರ್, ತಲೆಗೆ ಎಣ್ಣೆ ಹಚ್ಚಿದ ದಿನ ಬೇರೆಯವರಿಗೆ ಹೇಳಿ. ನನ್ನ ತಂಗಿ ಮೆಹಂದಿ ಕೈಯಲ್ಲಿ ಟ್ಯಾಂಕಿಗೆ ಕೈ ಹಾಕಲು ಬಂದಾಗ ಮಾಮು ಕೂಗಿದ್ದನ್ನು ಅವಳು ಇನ್ನೂ ಮರೆತಿಲ್ಲ.

ಕಾಮರ್ಸ್‌ನವರಿಗೆ ಇಷ್ಟವಾಗುವ ಭಾಗ ಈಗ. ಹೆಚ್ಚಿನವರು ಡ್ರಮ್ ಅರ್ಧ ಖಾಲಿಯಾದ ಕೂಡಲೇ ಮೇಲಿಂದ ಹೊಸ ನೀರು ಬಿಡುತ್ತಾರೆ. ಹೀಗಾದರೆ ತಳದಲ್ಲಿ ಹಳೆಯ ನೀರು, ಅದರ ಕೆಸರು, ಅದರ ಲೋಳೆ ಎಂದೂ ಹೋಗುವುದಿಲ್ಲ. ದಿನಸಿ ಅಂಗಡಿಯವರು ಮೊದಲು ಬಂದ ಸರಕನ್ನು ಮೊದಲು ಮಾರುತ್ತಾರೆ. ನೀರಿಗೂ ಅದೇ ಲೆಕ್ಕ. ನಾನು ಮಾಮೂಗೆ ಹೇಳಿ 100 ಲೀಟರಿನ ಒಂದರ ಬದಲು 50 ಲೀಟರಿನ ಎರಡು ಡ್ರಮ್ ಇಡಿಸಿದೆ. ಒಂದು ಪೂರ್ತಿ ಖಾಲಿಯಾಗುವವರೆಗೆ ಇನ್ನೊಂದನ್ನು ಮುಟ್ಟುವುದಿಲ್ಲ. ಖಾಲಿಯಾದದ್ದನ್ನು ತೊಳೆದು ತುಂಬಿಸಿ ಮಾರ್ಕರ್‌ನಲ್ಲಿ ತಾರೀಖು ಬರೆಯುತ್ತೇವೆ. ದಿನಕ್ಕೆ 3 ಲೀಟರಿನ ಲೆಕ್ಕದಲ್ಲಿ ಒಂದು ಡ್ರಮ್ ಸುಮಾರು 16 ದಿನ. ಕತ್ತಲಲ್ಲಿ ಮುಚ್ಚಿಟ್ಟ ನೀರಿಗೆ ಅದು ಏನೂ ಹೆಚ್ಚಲ್ಲ.

ಫಿಲ್ಟರ್ ಚಾಲೂ ಮಾಡಿದ ಮೊದಲ ಕೆಲವು ನಿಮಿಷಗಳ ನೀರನ್ನು ಡ್ರಮ್ಮಿಗೆ ಬಿಡಬಾರದು. ಯಂತ್ರ ನಿಂತಿದ್ದಾಗ ಪೊರೆಯ ಆ ಕಡೆಯ ಲವಣ ಈ ಕಡೆಗೆ ಸೋರಿರುತ್ತದೆ, ಮೊದಲ ನೀರಿನ ಟಿಡಿಎಸ್ ಯಾವಾಗಲೂ ಜಾಸ್ತಿ. ಅದನ್ನು ಬಕೆಟ್ಟಿಗೆ ಹಿಡಿದರೆ ನೆಲ ಒರೆಸಲು ಆಯಿತು.

ತೊಳೆಯುವಾಗ ಸೋಪು, ಡಿಟರ್ಜೆಂಟ್ ಬೇಡ. ಬಿಳಿ ಕಲೆ ಇದ್ದರೆ ವಿನೆಗರ್ ಅಥವಾ ಸಿಟ್ರಿಕ್ ಆಸಿಡ್, ಲೋಳೆ ಇದ್ದರೆ ಸುವಾಸನೆ ಇಲ್ಲದ ಬ್ಲೀಚ್. ಎರಡನ್ನೂ ಒಟ್ಟಿಗೆ ಎಂದೂ ಬೆರೆಸಬಾರದು. ಬ್ಲೀಚಿಗೆ ಹುಳಿ ಸೇರಿದರೆ ವಿಷಕಾರಿ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಅಪಾಯ. ಒಂದು ಬಳಸಿ, ಚೆನ್ನಾಗಿ ತೊಳೆದು, ಒಣಗಿಸಿ, ಬೇಕಿದ್ದರೆ ಇನ್ನೊಂದು ದಿನ ಮತ್ತೊಂದು. ಬ್ಲೀಚ್ ವಾಸನೆ ಪೂರ್ತಿ ಹೋಗುವವರೆಗೆ ನೀರು ತುಂಬಿಸಬೇಡಿ.

ಉಪ್ಪು ಬೆರೆಸಿದ ನೀರನ್ನು ಹೆಚ್ಚು ದಿನ ಇಡದಿರುವುದು ಒಳ್ಳೆಯದು. ಕ್ಯಾಲ್ಸಿಯಂ ಗೋಡೆಗೆ ಬಿಳಿಯಾಗಿ ಕೂರುತ್ತದೆ, ಮುಚ್ಚಳ ಸರಿ ಇಲ್ಲದಿದ್ದರೆ ನೀರು ಆವಿಯಾಗಿ ಉಪ್ಪು ಗಟ್ಟಿಯಾಗುತ್ತದೆ. ನಾವು ಬದಲಾಯಿಸುವ ಹಿಂದಿನ ದಿನ ಬೆರೆಸುತ್ತೇವೆ.

ಇಷ್ಟೆಲ್ಲ ಮಾಡುವುದು ಕೆಲವು ಸಿಗಡಿಗಳಿಗೆ ಮಾತ್ರವೇ ಎಂದು ನನ್ನ ಗೆಳೆಯನೊಬ್ಬ ಕೇಳಿದ. ಸಿಗಡಿಗೂ ಹೌದು, ನಮ್ಮ ಊರಿನ ನೀರಿಗೂ ಹೌದು. ಆರ್‌ಒ ಯಂತ್ರ ಒಂದು ಲೀಟರ್ ಶುದ್ಧ ನೀರು ಕೊಡಲು ಸಾಮಾನ್ಯವಾಗಿ ಮೂರು ಲೀಟರ್ ಹೊರಗೆ ಬಿಡುತ್ತದೆ. 2024ರ ಮಾರ್ಚ್‌ನಲ್ಲಿ ನಾನು ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಓದುತ್ತಿದ್ದಾಗ ಬೆಂಗಳೂರಿನಲ್ಲಿ ಬೋರ್‌ವೆಲ್‌ಗಳು ಬತ್ತಿದ್ದವು. ಕುಡಿಯುವ ನೀರಿನಲ್ಲಿ ಕಾರು ತೊಳೆದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಹೇಳಿತ್ತು. ನಮ್ಮ ಬೀದಿಯಲ್ಲಿ ಟ್ಯಾಂಕರ್ ಬಂದರೆ ಓದು ಬಿಟ್ಟು ಕೊಡ ಹಿಡಿದು ಓಡುತ್ತಿದ್ದೆವು. ಅಂಥ ಊರಿನಲ್ಲಿ 100 ಲೀಟರ್ ಡ್ರಮ್ ಕೆಟ್ಟಿತು ಎಂದು ಚೆಲ್ಲಿದರೆ ಹೋಗುವುದು 100 ಲೀಟರ್ ಅಲ್ಲ, 400. ಹಿತ್ತಾಳೆ ನಲ್ಲಿಯ ದಿನ ನಾನೇ ಆ ಡ್ರಮ್ ಬಗ್ಗಿಸಿ ಚೆಲ್ಲಿದ್ದೆ. ಈಗ ಮಾಮು ಯಂತ್ರ ಹೊರಗೆ ಬಿಡುವ ನೀರನ್ನು ಬೇರೆ ಡ್ರಮ್ಮಿಗೆ ಹಿಡಿಸಿ ಅಂಗಡಿ ತೊಳೆಯಲು ಬಳಸುತ್ತಾರೆ.

ಆಂಟಿಯ ಟ್ಯಾಂಕಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಆರು ವಾರ ಬದಲಾಯಿಸಿದೆವು, ತಾಮ್ರ ಹೀರುವ ಪುಡಿಯ ಚೀಲ ಇಟ್ಟೆವು. ಕಲ್ಲು, ಮರಳಿನೊಳಗೆ ಸೇರಿದ ತಾಮ್ರ ಬೇಗ ಬಿಡುವುದಿಲ್ಲ. ಮಾಮು ಎರಡು ತಿಂಗಳ ಬಿಲ್ ತೆಗೆದುಕೊಳ್ಳಲಿಲ್ಲ. ಆ ಸೊನ್ನೆ ಬಿಲ್‌ಗಳನ್ನು ಬರೆದವನೂ ನಾನೇ. ಹವಳಗಳಲ್ಲಿ ಎರಡು ಮತ್ತೆ ಅರಳಿದವು, ಒಂದು ಹೋಯಿತು. ರಂಜಾನ್ ಮುಗಿದ ಮೇಲೆ ಮೊದಲು ಎರಡು ಬಸವನಹುಳು ಬಿಟ್ಟು ನೋಡಿದೆವು. ಅವು ಗಾಜು ಹತ್ತಿದವು. ಆಮೇಲೆ ಒಂದು ಸಿಗಡಿ ಬಿಟ್ಟೆವು, ಈಗ ಅದು ದೊಡ್ಡ ಕ್ಲೌನ್‌ಫಿಶ್‌ನ ಕೆನ್ನೆ ಉಜ್ಜುತ್ತಿರುತ್ತದೆ. ಡ್ರಮ್‌ಗಳಿಗೆ ಪ್ಲಾಸ್ಟಿಕ್ ನಲ್ಲಿ ಹಾಕಿದ್ದೇವೆ. ಸ್ವಲ್ಪ ಸೋರುತ್ತದೆ, ಕೆಳಗೆ ಒಂದು ಡಬ್ಬ ಇಟ್ಟಿದ್ದೇವೆ. ಆ ಹಿತ್ತಾಳೆ ನಲ್ಲಿ ನಮ್ಮ ಮನೆಯ ಟೆರೇಸಿನಲ್ಲಿದೆ, ಒಂದು ಹನಿಯೂ ಸೋರುವುದಿಲ್ಲ.